ಅವಸರದ ಉತ್ತರ

ನನ್ನ ತಂಗಿಯ ಮಗಳಿಗೆ 23 ವರ್ಷ. ಹದಿಹರೆಯದ ಮೊಡವೆಗಳು ಮಾಯವಾದರೂ ಎರಡೂ ಕೆನ್ನೆಗಳಲ್ಲಿ ಗುಳಿಗಳನ್ನು ಬಿಟ್ಟುಹೋಗಿವೆ. 2024ರಲ್ಲಿ ಅವಳನ್ನು ನೋಡಲು ಬಂದವರು ಚಹಾ ಕುಡಿದು ಹೋದರು. ಆಮೇಲೆ, "ಹುಡುಗಿ ಒಳ್ಳೆಯವಳೇ, ಆದರೆ ಮುಖ..." ಎಂದು ಹೇಳಿ ಕಳಿಸಿದರು. ಆ ಅರ್ಧ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು.

ಒಂದು ದಿನ ಬ್ಯೂಟಿ ಪಾರ್ಲರೊಂದರ ಕರಪತ್ರ ಹಿಡಿದು ನನ್ನ ಬಳಿ ಬಂದಳು. ಲೇಸರ್ ಮತ್ತು ಫಿಲ್ಲರ್ ಚುಚ್ಚುಮದ್ದು ಎರಡೂ ಒಂದೇ ದಿನ, ಜೊತೆಗೆ ತುಟಿ ತುಂಬಿಸುವುದು ಉಚಿತ!

"ಖಾಲಾ, ಇದನ್ನು ಮಾಡಿಸಬಹುದಾ?"

ಮದ್ರಸದಲ್ಲಿ ಪಾಠ ಹೇಳುವವಳು ನಾನು. ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಅಂದಕ್ಕಾಗಿ ಹಚ್ಚೆ ಹಾಕಿಸುವ, ಹಲ್ಲುಗಳ ನಡುವೆ ಸಂದು ಮಾಡಿಸುವ ಸ್ತ್ರೀಯರನ್ನು ಖಂಡಿಸುವ, ಇಬ್ನು ಮಸ್‌ಊದ್(ರ)ರ ಹದೀಸನ್ನು ವಿವರಿಸಿ, "ಅಲ್ಲಾಹನ ಸೃಷ್ಟಿಯನ್ನು ಬದಲಿಸಬಾರದು ಮಗಳೇ" ಎಂದೆ. ಅವಳು ಮಾತಾಡದೆ ಕರಪತ್ರ ಮಡಚಿಕೊಂಡು ಹೋದಳು. ನಂತರ ಬಂಧುಗಳ ಮದುವೆಗಳಿಗೆ ಬರುವುದನ್ನೇ ಬಿಟ್ಟಳು.

ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಕುಳಿತಿದ್ದಾಗ ಅರ್ಫಜ(ರ)ರ ನೆನಪಾಯಿತು. ಕುಲಾಬ್ ಯುದ್ಧದಲ್ಲಿ ಮೂಗು ಕಳಕೊಂಡಿದ್ದ ಅವರು ಬೆಳ್ಳಿಯ ಮೂಗು ಇಟ್ಟುಕೊಂಡಿದ್ದರು. ಅದು ದುರ್ವಾಸನೆ ಬೀರತೊಡಗಿದಾಗ ಚಿನ್ನದ ಮೂಗು ಇಟ್ಟುಕೊಳ್ಳಲು ಪ್ರವಾದಿ(ಸ) ಹೇಳಿದರು. ಪುರುಷರಿಗೆ ಚಿನ್ನ ನಿಷಿದ್ಧವಾಗಿದ್ದರೂ! ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿರುವ ಹದೀಸ್ ಇದು. ರೋಗ ಅಥವಾ ಗಾಯದಿಂದಾದ ದೋಷವನ್ನು ಸರಿಪಡಿಸುವುದು ಬೇರೆ, ಅಂದಕ್ಕಾಗಿಯೇ ರೂಪ ಬದಲಿಸುವುದು ಬೇರೆ ಎಂದು ವಿದ್ವಾಂಸರು ವಿವರಿಸಿದ್ದಾರೆ. ಮೊಡವೆಯ ಗುಳಿಯೂ ರೋಗ ಬಿಟ್ಟುಹೋದ ಗುರುತೇ ತಾನೇ? ಒಂದು ಹದೀಸನ್ನು ಹೇಳಿ ಇನ್ನೊಂದನ್ನು ನಾನು ಮರೆತಿದ್ದೆ.

ಮರುದಿನವೇ ಅವಳಲ್ಲಿ ಕ್ಷಮೆ ಕೇಳಿದೆ. ಇಬ್ಬರೂ ಚರ್ಮರೋಗ ತಜ್ಞೆಯೊಬ್ಬರ ಬಳಿ ಹೋದೆವು. ಅವರು ತಾಳ್ಮೆಯಿಂದ ತಿಳಿಸಿದರು: ಲೇಸರ್ ಶಾಖದಿಂದ ಚರ್ಮದಲ್ಲಿ ಹೊಸ ಕೊಲಾಜೆನ್ ಬೆಳೆದು ಮೇಲ್ಮೈ ಸಮವಾಗುತ್ತದೆ. ಫಿಲ್ಲರ್ ಕುಸಿದ ಜಾಗವನ್ನು ಒಳಗಿನಿಂದ ಎತ್ತುತ್ತದೆ. ಹೆಚ್ಚಾಗಿ ಬಳಸುವ ಹೈಲುರಾನಿಕ್ ಆಮ್ಲ ನಮ್ಮ ದೇಹದಲ್ಲೂ ಇರುವ ವಸ್ತುವೇ. ಅದು ಕೆಲವು ತಿಂಗಳುಗಳಲ್ಲಿ ಕರಗುವುದರಿಂದ ಮತ್ತೆ ಖರ್ಚು ಮಾಡಬೇಕು. ಎರಡೂ ಬೇಕಾದವರಿಗೆ ಸಾಮಾನ್ಯವಾಗಿ ಮೊದಲು ಲೇಸರ್, ಬಾವು ಇಳಿದ ಮೇಲೆ ಫಿಲ್ಲರ್. ನಮ್ಮಂತಹ ಕಂದು ಚರ್ಮಕ್ಕೆ ಲೇಸರಿನ ಶಾಖ ಹೆಚ್ಚಾದರೆ ಕಪ್ಪು ಕಲೆ ಉಳಿಯಬಹುದು. ಫಿಲ್ಲರ್ ತಪ್ಪಿ ರಕ್ತನಾಳಕ್ಕೆ ಹೋದರೆ ಅಲ್ಲಿನ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಆದ್ದರಿಂದ ಅದನ್ನು ಕರಗಿಸುವ ಔಷಧಿ ಕೈಯಲ್ಲಿರುವ ತಜ್ಞ ವೈದ್ಯರಿಂದಲೇ ಮಾಡಿಸಬೇಕು, ಪಾರ್ಲರಿನಲ್ಲಲ್ಲ.

ಕೊನೆಗೆ ಕರಪತ್ರ ನೋಡಿ ಕೇಳಿದರು: "ನಿನ್ನ ತುಟಿಗೇನಾಗಿದೆಯಮ್ಮಾ?" ತಿಂಗಳುಗಳ ನಂತರ ಅವಳು ನಕ್ಕದ್ದನ್ನು ಅಂದು ಕಂಡೆ.

ಲೇಸರ್ ಮಾತ್ರ ಸಾಕೆಂದು ಅವಳೇ ನಿರ್ಧರಿಸಿದಳು. ನಾಲ್ಕು ಬಾರಿ ಆಗಿದೆ. ಗುಳಿಗಳು ಪೂರ್ತಿ ಹೋಗಿಲ್ಲ, ಹೋಗುವುದಿಲ್ಲವೆಂದು ವೈದ್ಯೆ ಮೊದಲೇ ಹೇಳಿದ್ದರು. ಆದರೆ ಕಳೆದ ತಿಂಗಳು ನೆರೆಮನೆಯ ನಿಕಾಹ್‌ಗೆ ನನ್ನ ಜೊತೆ ಬಂದಳು.

ಸಹೋದರಿಯರೇ, ಹೆಣ್ಣು ನೋಡಲು ಹೋದಾಗ ನಾವಾಡುವ ಅರ್ಧ ಮಾತಿನ ಗಾಯಕ್ಕೆ ಯಾವ ಲೇಸರ್ ಇದೆ? ಮಕ್ಕಳು ಪ್ರಶ್ನೆ ಕೇಳಿದಾಗ ಮೊದಲು ಅವರ ನೋವನ್ನು ಕೇಳೋಣ, ವಿಧಿಯನ್ನು ಆಮೇಲೆ ಹೇಳೋಣ. ಕನ್ನಡಿ ನೋಡುವಾಗ ಹೇಳಲು ಮಕ್ಕಳಿಗೆ ಕಲಿಸುವ ದುಆದಲ್ಲಿ, ರೂಪದಂತೆಯೇ ಸ್ವಭಾವವನ್ನೂ ಚೆಂದಗೊಳಿಸೆಂಬ ಬೇಡಿಕೆಯಿದೆ. ಈಗ ಅದನ್ನು ಮೊದಲು ನನಗಾಗಿ ಹೇಳಿಕೊಳ್ಳುತ್ತೇನೆ.