ಕಪಿಲೆ

ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನೋದಿ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಾನು, ಸಮುದ್ರೋಲ್ಲಂಘನ ಮಾಡಿಯೇನೆಂದು ಎಣಿಸಿದವನಲ್ಲ. ಆದರೆ ಮಗಳೂ ಅಳಿಯನೂ ನ್ಯೂಜಿಲೆಂಡ್ ದೇಶದ ವೈಕಾಟೋ ಸೀಮೆಯ ಹಳ್ಳಿಗಾಡಿನಲ್ಲಿ ನೆಲಸಿ ಮೂರು ವರ್ಷಗಳಾಗಿದ್ದುವು. ಅಳಿಯನು ನಗರದ ಕಚೇರಿಯನ್ನು ಬಿಟ್ಟು ದನಗಳ ಹಾಲು ಕರೆಯುವ ಕೆಲಸಕ್ಕೆ ಸೇರಿದನೆಂದು ಕೇಳಿ ನನಗೆ ಅಸಮಾಧಾನವೇ ಆಗಿದ್ದಿತು. 2023ನೆಯ ಜುಲೈಯಲ್ಲಿ ಹೋಗಿ ಅಕ್ಟೋಬರಿನ ಕೊನೆಯವರೆಗೆ ಅವರೊಡನಿದ್ದು ಬಂದೆನು.

ಅಲ್ಲಿ ಮನೆಯ ಮಾಡಿನಿಂದಿಳಿದ ಮಳೆಯ ನೀರೇ ತೊಟ್ಟಿಯಲ್ಲಿ ನಿಂತು ಕುಡಿಯುವುದಕ್ಕೂ ಸ್ನಾನಕ್ಕೂ ಆಗಬೇಕು. ಮೊದಲ ಬೇಸಗೆಯಲ್ಲಿ ಇವರು ತೊಟ್ಟಿಯನ್ನು ಬರಿದುಮಾಡಿ ಕುಳಿತಾಗ, ಕೇಳದೆಯೇ ನೀರು ತಂದುಕೊಟ್ಟವಳು ನೆರೆಯ ಮುದುಕಿಯಂತೆ. ಈಗ ಮಗಳು ಒಂದು ತಂಬಿಗೆ ನೀರನ್ನೂ ಎಣಿಸಿ ಬಳಸುತ್ತಾಳೆ. ಎಂಟು ವರ್ಷದ ಮೊಮ್ಮಗಳು ಬರಿಗಾಲಿನಲ್ಲಿ ಶಾಲೆಗೆ ಹೋಗುತ್ತಾಳೆ.

ನನಗೆ ಮಾತ್ರ ಆಕಾಶವೇ ತಲೆಕೆಳಗಾದಂತಿದ್ದಿತು. ಮಧ್ಯಾಹ್ನದ ಸೂರ್ಯನು ಅಲ್ಲಿ ಉತ್ತರದಲ್ಲಿ ನಿಲ್ಲುತ್ತಾನೆ. ನಮ್ಮ ದಕ್ಷಿಣಾಯನದಲ್ಲಿ ಅವರ ಹಗಲು ಬೆಳೆಯುತ್ತದೆ. ವಿವಾಹದಲ್ಲಿ ಮಗಳಿಗೆ ತೋರಿಸಿದ ಅರುಂಧತಿಯು ಅಲ್ಲಿ ಕ್ಷಿತಿಜದ ಮೇಲಕ್ಕೆ ಬರುವುದೇ ಇಲ್ಲ. ಸಂಕಲ್ಪದಲ್ಲಿ ಭರತಖಂಡದ ಹೆಸರು ಬರುವೆಡೆಯಲ್ಲಿ ದಿನವೂ ನನ್ನ ನಾಲಗೆ ತಡೆಯುತ್ತಿದ್ದಿತು.

ಜುಲೈ, ಆಗಸ್ಟ್ ತಿಂಗಳುಗಳು ಅಲ್ಲಿ ಹಸುಗಳು ಈಯುವ ಕಾಲ. ಮೊಮ್ಮಗಳು ಶಾಲೆಯ ಕರುಗಳ ಹಬ್ಬಕ್ಕಾಗಿ ಒಂದು ಹೆಣ್ಣುಕರುವನ್ನು ಸಾಕತೊಡಗಿದಳು. ಅದರ ಕಂದು ಬಣ್ಣವನ್ನು ನೋಡಿ ನಾನು ಕಪಿಲೆಯೆಂದು ಹೆಸರಿಟ್ಟೆನು. ಅವಳ ಸಹಪಾಠಿಗಳು ಅದನ್ನು ಕಪಿಯೆಂದು ಮೊಟಕುಮಾಡಿದರು. ಅರ್ಥವನ್ನು ತಿಳಿಸಲು ನನಗೆ ಮನಸ್ಸಾಗಲಿಲ್ಲ.

ಒಂದು ಬೆಳಗ್ಗೆ ಲಾರಿಯೊಂದು ಬಂದು ಹಟ್ಟಿಯ ಮುಂದೆ ನಿಂತಿತು. ನಾಲ್ಕೈದು ದಿನಗಳ ಗಂಡುಕರುಗಳನ್ನು ಅದಕ್ಕೆ ಹತ್ತಿಸಿದರು. ಎಲ್ಲಿಗೆಂದು ಮೊಮ್ಮಗಳನ್ನು ಕೇಳಿದೆನು.

"ಕೊಲ್ಲುವುದಕ್ಕೆ, ತಾತ. ಅವು ಹಾಲು ಕೊಡುವುದಿಲ್ಲವಲ್ಲ," ಎಂದಳು. ಅವಳ ಕಣ್ಣು ತುಂಬಿದ್ದುವು; ಆದರೆ ಮಾತಿನಲ್ಲಿ ಮರೆಯಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮೂರಿನಲ್ಲಿ ಗಂಡುಕರುಗಳು ಏನಾಗುತ್ತವೆ, ತಾತ?" ಎಂದಳು.

ಗೋಮಹಿಮೆಯನ್ನು ಕುರಿತು ಎಷ್ಟು ಉಪನ್ಯಾಸಗಳನ್ನು ಮಾಡಿದ್ದೇನೋ ಲೆಕ್ಕವಿಲ್ಲ. ಆಗ ಒಂದು ವಾಕ್ಯವೂ ಒದಗಲಿಲ್ಲ. ನನ್ನ ಬಾಲ್ಯದಲ್ಲಿ ತೀರ್ಥರೂಪರು ಮುದಿ ಎತ್ತನ್ನೂ ಉಳಲೊಲ್ಲದ ಹೋರಿಯನ್ನೂ ಸಂತೆಗೆ ಹೊಡೆಸಿ, ಬಂದ ಹಣವನ್ನು ಪೆಟ್ಟಿಗೆಯಲ್ಲಿಡುತ್ತಿದ್ದರು. ಅವನ್ನು ಕೊಂಡವನು ಯಾರು, ಎಲ್ಲಿಗೆ ಒಯ್ದನೆಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ನನ್ನ ಪಾಠಶಾಲೆಯ ಪುಸ್ತಕಗಳೂ ಆ ಪೆಟ್ಟಿಗೆಯ ಹಣದಿಂದಲೇ ಬಂದುವು.

"ಮಾರುತ್ತಿದ್ದೆವು, ಮಗು. ಆಮೇಲೆ ಏನಾಯಿತೆಂದು ನಾವು ಕೇಳುತ್ತಿರಲಿಲ್ಲ," ಎಂದೆನು.

ಆ ಸಂಜೆ ಮಗಳು ಗಿಣ್ಣು ಮಾಡಿ ಏಲಕ್ಕಿ ಹಾಕಿ ಮುಂದಿಟ್ಟಳು. ಬಾಲ್ಯದಿಂದಲೂ ನನಗೆ ಅದರಷ್ಟು ಪ್ರಿಯವಾದುದಿಲ್ಲ. ತಿನ್ನಲಾಗಲಿಲ್ಲ. ಅಳಿಯನು ತಲೆತಗ್ಗಿಸಿ, "ಲಾರಿ ಬರುವ ದಿನ ನನಗೂ ಊಟ ಸೇರುವುದಿಲ್ಲ, ಮಾವ," ಎಂದನು. ಅವನ ಉದ್ಯೋಗದ ಮೇಲೆ ಮೂರು ವರ್ಷಗಳಿಂದ ನಾನು ಹೊತ್ತಿದ್ದ ಅಸಮಾಧಾನವು ಅಂದಿಗೆ ಕಳೆಯಿತು. ಅಲ್ಲಿಯವರೆಗೂ ಅವನನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

ಅಕ್ಟೋಬರಿನ ಹಬ್ಬದಲ್ಲಿ ಮಗು ಅಂಗಳದ ತುದಿಯಲ್ಲಿ ನಿಂತು ಕಪಿಲೆಯನ್ನು ಕರೆದಳು. ಪೂರ್ಣವಾದ ಹೆಸರಿನಿಂದಲೇ ಕರೆದಳು. ಅದು ಕಿವಿ ನಿಮಿರಿಸಿ, ಕೊಂಚ ಯೋಚಿಸಿ, ಓಡಿಬಂದಿತು.

ಊರಿಗೆ ಹಿಂದಿರುಗಿದ ಮಾರನೆಯ ದಿನ ವರ್ತನೆಯ ಹಾಲಿನವನು ಬಂದನು. ಅವನ ಹಸು ಈದಿದ್ದಿತು. "ಕರು ಯಾವುದು?" ಎಂದೆನು. "ಹೋರಿಗರು ಸ್ವಾಮಿ," ಎಂದನು. "ಎಲ್ಲಿದೆ?" ಎಂದು ಕೇಳಿದೆನು. ಅವನು ಮಳೆಯ ಮಾತನ್ನೆತ್ತಿದನು. ನಾನು ಚೊಂಬನ್ನು ಹಿಡಿದುಕೊಂಡು ಒಳಕ್ಕೆ ಹೋದೆನು.