ಬಂಕಾಪುರದ ಕೋಟೆಯೊಳಗೆ

ಇವತ್ತು ಬೆಳಗಿನ ಜಾವ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರಕ್ಕೆ ಹೋಗಿದ್ದೆ. ಹುಬ್ಬಳ್ಳಿ–ಹಾವೇರಿ ಹೆದ್ದಾರಿಯಲ್ಲಿ ನೂರಾರು ಸಲ ಓಡಾಡಿದ್ದೇನೆ, ತುಸು ಒಳಗೆ ತಿರುಗಿದ್ದು ಮಾತ್ರ ಇದೇ ಮೊದಲು.

ಹಳೇ ಕೋಟೆಯ ಸುಮಾರು 139 ಎಕರೆ ಜಾಗ 2006ರಿಂದ ನವಿಲುಧಾಮ. ಅಲ್ಲೇ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರ. ದನಗಳಿಗೆಂದು ಉಳಿಸಿಕೊಂಡ ಹುಲ್ಲುಗಾವಲು, ಸುತ್ತ ಕಂದಕ, ಅದರ ತುಂಬ ಮುಳ್ಳುಕಂಟಿ. ನವಿಲಿಗೆ ಇನ್ನೇನು ಬೇಕು? ಹಗಲು ಮೇಯಲು ಬಯಲು, ಮೊಟ್ಟೆಯಿಡಲು ಪೊದೆ, ರಾತ್ರಿ ಕೂರಲು ಎತ್ತರದ ಮರ.

ದನ ತುಳಿದು ಮಾಡಿದ ಕಾಲುದಾರಿಯಲ್ಲಿ ನಡೆಯುತ್ತಿದ್ದೆ. ಹಸಿ ಮಣ್ಣಿನ ಮೇಲೆ ಮೂರು ಬೆರಳಿನ ಹೆಜ್ಜೆಗಳು ಒಂದರ ಮುಂದೊಂದು. ಹಿಂದೆಯೇ ಹೋದರೆ ಒಂದು ಹೆಣ್ಣು ನವಿಲು, ಜೊತೆಗೆ ಮೂರು ಮರಿ! ತಾಯಿ ಕತ್ತೆತ್ತಿ ನೋಡಿತು. ನಾನು ಉಸಿರು ಬಿಗಿಹಿಡಿದು ನಿಂತೆ. ಮರಿಗಳು ಹುಲ್ಲು ಕೆದರುವುದನ್ನು ಬಿಡಲೇ ಇಲ್ಲ.

ಕೋಟೆಯೊಳಗೇ ಇರುವ ನಗರೇಶ್ವರ ಗುಡಿಯ ನುಣುಪು ಕಂಬಗಳನ್ನೂ ನೋಡಿ ಬಂದೆ, ಅದರ ಬಗ್ಗೆ ಇನ್ನೊಮ್ಮೆ ಬರೆಯುವೆ. ಹಾನಗಲ್ಲು, ಸವಣೂರು, ಹಿರೇಕೆರೂರಿನ ಗೆಳೆಯರೇ, ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಬಿಸಿಲೇರುವ ಮೊದಲೇ ಹೋಗಿ, ಮೆಲ್ಲಗೆ ನಡೆಯಿರಿ. ಪ್ಲಾಸ್ಟಿಕ್ ಚೀಲ ಅಲ್ಲಿ ಬಿಡಬೇಡಿ, ದನಗಳು ತಿಂದುಬಿಡುತ್ತವೆ.