ಹನ್ನೆರಡು ಹುಣಸೆ ಬೀಜ

ತೋವಿನಕೆರೆಯ ನಮ್ಮ ಜಗಲಿಯಲ್ಲಿ ಹುಣಸೆ ಬಡಿದು ಗುಡ್ಡೆ ಹಾಕಿದ ಬೀಜ. ಅದರ ಪಕ್ಕ ಕೂತು ಮೊಮ್ಮಗಳು ಒದ್ದಾಡುತ್ತಿದ್ದಳು. “ತಾತ, ಇದನ್ನ ಹೆಂಗೆ ಬಾಯಿಗೆ ತಗೊಳ್ಳೋದು?” ಇಂಗ್ಲಿಷಿನ 28 ಅಕ್ಷರದ ಪದ: ಆಂಟಿಡಿಸೆಸ್ಟ್ಯಾಬ್ಲಿಷ್‌ಮೆಂಟೇರಿಯನಿಸಂ.

“ಉಲಿಗೊಂದು ಬೀಜ ಇಡು ಕಣವ್ವ” ಅಂದೆ. ಆಂ, ಟಿ, ಡಿಸ್, ಎಸ್, ಟ್ಯಾಬ್, ಲಿಷ್, ಮೆಂ, ಟೇ, ರಿ, ಯ, ನಿ, ಸಂ. ಹನ್ನೆರಡು ಬೀಜ, ಒಂದೇ ಸಾಲು. ಎರಡು ಸಲ ಬೆರಳಾಡಿಸುವಷ್ಟರಲ್ಲಿ ಪದ ನಾಲಗೆಗೆ ಬಂತು.

ಅರ್ಥ ಬರಲಿಲ್ಲ. ಅದಕ್ಕೆ ನಡುವಿನಿಂದ ಹೊರಡಬೇಕು. ಎಸ್ಟ್ಯಾಬ್ಲಿಷ್ ಎಂದರೆ ಸ್ಥಾಪಿಸು. ಮೆಂಟ್ ಸೇರಿದರೆ ಸ್ಥಾಪನೆ. ಇಲ್ಲಿ ಅದು ಚರ್ಚಿಗೆ ರಾಜ್ಯ ಕೊಟ್ಟ ಅಧಿಕೃತ ಪಟ್ಟ. ಡಿಸ್ ಆ ಪಟ್ಟವನ್ನು ಕಿತ್ತುಹಾಕುತ್ತದೆ, ಆಂಟಿ ಕೀಳಬೇಡಿ ಎಂದು ಅಡ್ಡ ನಿಲ್ಲುತ್ತದೆ. ಏರಿಯನ್ ಅಂದರೆ ಆ ಪಕ್ಷದವನು, ಇಸಂ ಅಂದರೆ ಅವನ ವಾದ. ಐರ್ಲೆಂಡಿನ ಚರ್ಚಿನ ಪಟ್ಟ 1869ರ ಕಾಯಿದೆಯಿಂದ ಹೋಯಿತು. ಇಂಗ್ಲೆಂಡಿನದು ಇವತ್ತಿಗೂ ಉಳಿದಿದೆ. ಕನ್ನಡದ ಅಚ್ಚ ಪದ ಹೀಗೆ ಎರಡೂ ಕಡೆ ಬೆಳೆಯುವುದಿಲ್ಲ, ಬಾಲದಲ್ಲೇ ಬೆಳೆಯುತ್ತದೆ: ಮಾಡು, ಮಾಡಿಸು, ಮಾಡಿಸಿದವರಿಗೆ.

ನನಗೆ ಬಹಳ ಇಷ್ಟವಾದದ್ದು ಎಂಟನೆಯ ಬೀಜ. ‘ಟೇ’ ಎಂಬುದು ಬಾಯಿಗೆ ಒಂದೇ ಉಲಿ. ಆದರೆ ಅದರ ಟಕಾರ ಮೆಂಟ್‌ನದು, ಏಕಾರ ಏರಿಯನ್‌ನದು. ಅರ್ಥದ ಗೆರೆ ಅಕ್ಷರದ ಹೊಟ್ಟೆಯೊಳಗೇ ಹಾದುಹೋಗಿದೆ. ನಮ್ಮೂರಿನ ಹೆಸರಲ್ಲೂ ಹಾಗೇ. ತೋ-ವಿ-ನ-ಕೆ-ರೆ ಐದು ಅಕ್ಷರ. ಮೊದಲನೆಯದು ಗುರು, ಮಿಕ್ಕವೆಲ್ಲ ಲಘು, ಒಟ್ಟು ಆರು ಮಾತ್ರೆ. ಹೂವು ಹೂವಿನ ಆದಂತೆ ತೋವು ತೋವಿನ ಎಂದು ಬಿಡಿಸಿದರೆ, ‘ವಿ’ಯ ವಕಾರ ಪದಕ್ಕೆ, ಇಕಾರ ವಿಭಕ್ತಿಗೆ. ತಾಲ್ಲೂಕು ಕೇಂದ್ರ ಕೊರಟಗೆರೆಯಲ್ಲಿ ಕೆರೆ ‘ಗೆರೆ’ಯಾಗಿದೆ, ಮಳೆ ಕಾಲ ಮಳೆಗಾಲವಾದಂತೆ. ಹದಿಮೂರನೆಯ ಶತಮಾನದ ವ್ಯಾಕರಣಕಾರ ಕೇಶಿರಾಜನಿಗೂ ಗೊತ್ತಿದ್ದ ಬದಲಾವಣೆ ಇದು. ನಮ್ಮದು ಮಾತ್ರ ಕೆರೆಯಾಗೇ ಉಳಿಯಿತು. ನಿತ್ಯ ಬಸ್ಸಿನ ಬೋರ್ಡಿನಲ್ಲಿ ಓದುವ ಹೆಸರಲ್ಲೇ ಇಷ್ಟು ವ್ಯಾಕರಣ ಇರುವಾಗ, ಇಂಗ್ಲಿಷ್ ಪದಕ್ಕೆ ಮಕ್ಕಳು ಯಾಕೆ ಹೆದರಬೇಕು?

“ಹಂಗಾದ್ರೆ ಟೇ ಯಾರಿಗೆ ಸೇರ್ಬೇಕು ತಾತ?”

“ಇಬ್ಬರಿಗೂ.”

ಅವಳು ಎದ್ದುಹೋಗಿ ಚೌಕಾಬಾರದ ಡಬ್ಬಿ ತಂದಳು. ಅದರಲ್ಲಿ ಆಟಕ್ಕೆಂದು ಸೀಳಿಟ್ಟ ಹುಣಸೆ ಬೀಜಗಳಿದ್ದವು. ಎಂಟನೆಯ ಬೀಜ ತೆಗೆದು, ಆ ಜಾಗದಲ್ಲಿ ಎರಡು ಹೋಳು ಜೋಡಿಸಿಟ್ಟಳು: ಒಂದು ಕಪ್ಪು ಮೇಲೆ, ಒಂದು ಬಿಳಿ ಮೇಲೆ. ಆಮೇಲೆ ಹನ್ನೊಂದನೆಯದಕ್ಕೆ ಕೈಹಾಕಿದಳು. ‘ನಿ’ಯನ್ನು ನಾನು ಹೇಳಿಕೊಟ್ಟಿರಲಿಲ್ಲ.